ಪ್ರತಿಕ್ರಿಯೆ: ಟ್ಯೂಷನ್ ಟ್ರಸ್ಟಿಗೆ ಕೊಟ್ಟ ಮಹಡಿಗೆ ಬೀಗ, ಟ್ರಿಬ್ಯೂನಲ್‌ಗೆ ಹೋಗಬೇಕೇ?

ಟ್ಯೂಷನ್ ನಡೆಸುವ ಟ್ರಸ್ಟ್‌ಗೆ ಬಾಡಿಗೆಗೆ ಕೊಟ್ಟಿದ್ದ ನಿಮ್ಮ ಉಡುಪಿಯ ಮಹಡಿಗೆ, ಸಂಘಟನೆಯೊಂದು ನಿಷೇಧವಾದ ಬಳಿಕ ಬೀಗ ಬಿದ್ದಿದೆ, ಟ್ರಿಬ್ಯೂನಲ್‌ಗೆ (ನ್ಯಾಯಮಂಡಳಿಗೆ) ಹೋಗಬೇಕೇ ಎಂದು ಕೇಳಿದ್ದೀರಿ. ಸಂಘಟನೆ ನಿಷೇಧವಾದ ಮಾತ್ರಕ್ಕೆ ಬೀಗ ಬಿದ್ದಿರಲಾರದು. ಯುಎಪಿಎ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ) ಸೆಕ್ಷನ್ 8ರಡಿ, ಆ ಜಾಗ ನಿಷೇಧಿತ ಸಂಘದ ಕೆಲಸಕ್ಕೆ ಬಳಕೆಯಾಗುತ್ತಿದೆ ಎಂದು ಸರ್ಕಾರ ಬೇರೆಯಾಗಿ ಅಧಿಸೂಚನೆ ಹೊರಡಿಸಿರಬೇಕು. ಆದೇಶ ನೋಡದೆ ಹೇಳುತ್ತಿದ್ದೇನೆ, ಆದರೆ ನಮ್ಮ ಮಾವನ ಕಟ್ಟಡಕ್ಕೂ ಹೀಗೇ ಆಗಿತ್ತು. ಟ್ರಿಬ್ಯೂನಲ್ ನೋಡುವುದು ನಿಷೇಧಕ್ಕೆ ಸಾಕಷ್ಟು ಕಾರಣವಿದೆಯೇ ಎಂದಷ್ಟೇ. ನಿಮ್ಮ ದಾರಿ ಜಿಲ್ಲಾ ನ್ಯಾಯಾಲಯ.

ಮೊದಲು ಮಣಿಪಾಲದ ಡಿಸಿ ಕಚೇರಿಯಲ್ಲಿ ಅಧಿಸೂಚನೆಯ ಪ್ರತಿ, ಒಳಗಿನ ಸಾಮಾನಿನ ಪಟ್ಟಿ ಕೇಳಿ. ಪಟ್ಟಿಯನ್ನು ಇಬ್ಬರು ಸಾಕ್ಷಿಗಳ ಎದುರು ಮಾಡಿರಬೇಕು. ಆಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಸೆಕ್ಷನ್ 8(8)ರ ಅರ್ಜಿ, ಅಧಿಸೂಚನೆಯ ದಿನಾಂಕದಿಂದ 30 ದಿನದೊಳಗೆ. ಬೀಗ ಹಾಕಿದ ದಿನದಿಂದ ಎಣಿಸಬೇಡಿ, ಜನ ಎಡವುವುದು ಅಲ್ಲೇ. ಜಾಗ ನಿಷೇಧಿತ ಸಂಘದ ಕೆಲಸಕ್ಕೆ ಬಳಕೆಯಾಗಿಲ್ಲ ಎಂದು ತೋರಿಸಬೇಕು: ಬಾಡಿಗೆ ಕರಾರು, ಬ್ಯಾಂಕಿಗೆ ಬಂದ ಬಾಡಿಗೆ, ಮಕ್ಕಳ ಹಾಜರಿ ಪುಸ್ತಕ, ಅಕ್ಕಪಕ್ಕದವರ ಅಫಿಡವಿಟ್.

ಕೋರ್ಟಿಗೆ ಹೋದರೆ ನಮ್ಮನ್ನೂ ಸಂಶಯದಿಂದ ನೋಡುತ್ತಾರೆಂದು ಹೆದರಿದ್ದೀರಿ. ದಯವಿಟ್ಟು ಹೆದರಬೇಡಿ. ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ 1952ರಲ್ಲೇ ವಿ.ಜಿ. ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನ್ಯಾಯಾಂಗದ ವಿಚಾರಣೆಯಿಲ್ಲದೆ ಸಂಘವನ್ನು ಕಾನೂನುಬಾಹಿರ ಎನ್ನುವ ಮದ್ರಾಸ್ ಕಾನೂನನ್ನು ತಳ್ಳಿಹಾಕಿತು. ಪ್ರಶ್ನಿಸುವುದು ನಿಮ್ಮ ಹಕ್ಕು.

ಹಣವನ್ನೂ ತಡೆಹಿಡಿದಿದ್ದರೆ ಅದು ಸೆಕ್ಷನ್ 7: ಬೇರೆ ಅರ್ಜಿ, ಆದೇಶ ಕೈಸೇರಿದ 14 ದಿನದೊಳಗೆ. ಬೀಗ ನೀವೇ ಮುಟ್ಟಬೇಡಿ. ನಾಳೆಯೇ ವಕೀಲರಿಗೆ ದಿನಾಂಕ ತೋರಿಸಿ.