ಹಳೆಯ ವ್ಯಾಗನ್ ಆರ್, ಮಂಕು ಹೆಡ್‌ಲೈಟ್: ಎಲ್‌ಇಡಿ ಬಲ್ಬ್ ಹಾಕಿಸಲಾ?

ಹತ್ತು ವರ್ಷದ ವ್ಯಾಗನ್ ಆರ್, ಹಾಸನದಲ್ಲಿ ಕೆಲಸ, ವಾರದ ಕೊನೆಗೆ ರಾತ್ರಿ ಬೇಲೂರು ಮೇಲೆ ಮೂಡಿಗೆರೆ ಕಡೆಯ ನಿಮ್ಮ ಊರಿಗೆ ಹೋಗಬೇಕು. ಲೈಟ್ ಮಂಕಾಗಿ ರಸ್ತೆಯೇ ಕಾಣುತ್ತಿಲ್ಲ, ಅಂಗಡಿಯವರು ಎಲ್‌ಇಡಿ ಬಲ್ಬ್ ಹಾಕಿಸಿ ಅನ್ನುತ್ತಿದ್ದಾರೆ, ಹಾಕಿಸಲಾ ಅಂತ ಕೇಳಿದ್ದೀರಿ.

ಬೇಡ. ನಾನು ಹಾಸನದಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತೇನೆ. ಲೈಟ್ ಮಂಕು ಅಂತ ನನ್ನ ಹತ್ತಿರ ಬರುವ ಹಳೆಯ ಗಾಡಿಗಳಲ್ಲಿ ಬಹುಪಾಲು ಬಲ್ಬ್ ತಪ್ಪಿರುವುದಿಲ್ಲ. ಕಂಪನಿಯವರು ಕೊಟ್ಟಿದ್ದ ಬೆಳಕೇ ಪೂರ್ತಿ ರಸ್ತೆಗೆ ಮುಟ್ಟುತ್ತಿರುವುದಿಲ್ಲ. ಮೊದಲು ಅದನ್ನು ವಾಪಸ್ ಪಡೆಯಿರಿ. ಖರ್ಚೂ ಕಡಿಮೆ.

ಮೊದಲು ಹೆಡ್‌ಲೈಟ್ ಡೂಮ್, ಅಂದರೆ ಬಲ್ಬ್ ಕೂರುವ ಇಡೀ ಗೂಡನ್ನು ನೋಡಿ. ಮೇಲಿನ ಹೊದಿಕೆ ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ವರ್ಷಗಟ್ಟಲೆ ಬಿಸಿಲು ಬಿದ್ದು ಹಳದಿಯಾಗುತ್ತದೆ, ಮಬ್ಬಾಗುತ್ತದೆ. ನೀರು ಹಾಕಿಕೊಂಡು 1000, ಆಮೇಲೆ 2000 ನಂಬರಿನ ವಾಟರ್ ಪೇಪರ್‌ನಿಂದ ಉಜ್ಜಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ಕೋಟಿಂಗ್ ಹೊಡೆಸಿದರೆ ತಿಳಿಯಾಗುತ್ತದೆ. ಆ ಕೋಟಿಂಗ್ ಬಿಡಬೇಡಿ, ಬಿಟ್ಟರೆ ಬೇಗ ಮತ್ತೆ ಹಳದಿ ಬರುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವುದೆಲ್ಲ ನಾಲ್ಕು ದಿನದ ಚೆಂದ. ಇನ್ನು ಒಳಗೆ ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಇದೆಯಲ್ಲ, ಅದರ ಹೊಳಪು ಸುಟ್ಟು ಹೋಗಿದ್ದರೆ ಅಥವಾ ಮಳೆಗಾಲದಲ್ಲಿ ಒಳಗೆ ನೀರು ಕೂತು ಕಲೆಯಾಗಿದ್ದರೆ ಯಾವ ಬಲ್ಬ್ ಹಾಕಿದರೂ ಪ್ರಯೋಜನವಿಲ್ಲ. ಡೂಮನ್ನೇ ಬದಲಾಯಿಸಬೇಕು. ಬಟ್ಟೆ ತೂರಿಸಿ ಅದನ್ನು ಒರೆಸಲು ಮಾತ್ರ ಹೋಗಬೇಡಿ, ಇರುವ ಹೊಳಪೂ ಕಿತ್ತು ಬರುತ್ತದೆ.

ಎರಡನೆಯದು ವೋಲ್ಟೇಜ್. ಇದನ್ನು ಯಾರೂ ನೋಡುವುದಿಲ್ಲ, ನನಗೆ ಬೇಜಾರಾಗುವುದೂ ಅದಕ್ಕೇ. ಇಂಜಿನ್ ಸ್ಟಾರ್ಟ್ ಮಾಡಿ, ಲೋ ಬೀಮ್ ಹಾಕಿ, ಮಲ್ಟಿಮೀಟರ್‌ನಲ್ಲಿ ಬ್ಯಾಟರಿ ನೋಡಿ. ಸಾಮಾನ್ಯವಾಗಿ 14 ವೋಲ್ಟ್ ಆಸುಪಾಸು ಬರುತ್ತದೆ. ಅದೇ ಮೀಟರನ್ನು ಬಲ್ಬ್ ಉರಿಯುತ್ತಿರುವಾಗಲೇ ಅದರ ಹಿಂದೆ ವೈರ್ ಸಿಕ್ಕಿಸುವ ಕಪ್ಲರ್‌ನಲ್ಲಿ ಇಟ್ಟು ನೋಡಿ. ಅಲ್ಲಿ 12.6 ತೋರಿಸಿತು ಅಂದುಕೊಳ್ಳಿ. ಹೋಗಿದ್ದು ನೂರಕ್ಕೆ 10ರಷ್ಟು ವೋಲ್ಟೇಜ್ ಮಾತ್ರ, ಏನು ಮಹಾ ಅನಿಸಬಹುದು. ಆದರೆ ನಿಮ್ಮ ಗಾಡಿಯಲ್ಲಿರುವ ಹ್ಯಾಲೊಜೆನ್ ಬಲ್ಬಿನ ಒಳಗಿನ ತಂತಿ ಎಷ್ಟು ಕಾಯುತ್ತದೋ ಅಷ್ಟು ಬೆಳಕು. ವೋಲ್ಟೇಜ್ ನೂರಕ್ಕೆ 10 ಇಳಿದರೆ ಬೆಳಕು ಸುಮಾರು 30 ಇಳಿಯುತ್ತದೆ, ಬಣ್ಣವೂ ಕೆಂಪಗಾಗುತ್ತದೆ.

ಈ ವೋಲ್ಟೇಜ್ ಎಲ್ಲಿ ಸೋರುತ್ತದೆ? ಹಳೆಯ ಗಾಡಿಗಳಲ್ಲಿ ಲೈಟಿನ ಕರೆಂಟ್ ಸ್ಟಿಯರಿಂಗ್ ಪಕ್ಕದ ಸ್ವಿಚ್‌ವರೆಗೆ ಸಣ್ಣ ವೈರ್‌ನಲ್ಲೇ ಸುತ್ತಿ ಬರುತ್ತಿರುತ್ತದೆ. ಸ್ವಿಚ್ ಒಳಗಿನ ಪಾಯಿಂಟ್ ಸವೆದಿರುತ್ತದೆ. ನಮ್ಮ ಮಲೆನಾಡಿನ ಮಳೆಗೆ, ನೆಗೆಟಿವ್ ವೈರನ್ನು ಗಾಡಿಯ ಬಾಡಿಗೆ ಸೇರಿಸುವ ಅರ್ತ್ ಬೋಲ್ಟ್ ತುಕ್ಕು ಹಿಡಿದಿರುತ್ತದೆ. ಕಪ್ಲರ್ ತೆಗೆದು ನೋಡಿದರೆ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಒಂದು ಪಿನ್ ಸುತ್ತ ಕರಗಿ ಉಬ್ಬಿರುತ್ತದೆ. ನಿಮ್ಮದೂ ಹಾಗಿದ್ದರೆ ಸೆರಾಮಿಕ್ ಹೋಲ್ಡರ್ ಹಾಕಿಸಿ. ಅರ್ತ್ ಬೋಲ್ಟ್ ಬಿಚ್ಚಿ, ಲೋಹ ಕಾಣುವವರೆಗೆ ಉಜ್ಜಿ, ಮತ್ತೆ ಬಿಗಿ ಮಾಡಿಸಿ. ಮೇಲೆ ಸ್ವಲ್ಪ ಗ್ರೀಸ್ ಸವರಿದರೆ ಮಳೆಗೆ ತಡೆಯುತ್ತದೆ. ಮೀಟರ್ ಆಮೇಲೂ ಕಡಿಮೆ ತೋರಿಸಿದರೆ ರಿಲೇ ಕಿಟ್. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. ಈ ಕಿಟ್ ಹಾಕಿದರೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರ್ ನೇರ ಬಲ್ಬಿಗೆ ಹೋಗುತ್ತದೆ. ಹಳೆಯ ವೈರಿಂಗ್ ರಿಲೇಯನ್ನು ಆನ್ ಆಫ್ ಮಾಡುವ ಕೆಲಸ ಮಾತ್ರ ಮಾಡುತ್ತದೆ. ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಸ್ವಿಚ್ ಪಾಸಿಟಿವ್ ಬದಲು ಅರ್ತ್ ಕಡೆ ಇರುತ್ತದೆ, ಅಂಥದ್ದಕ್ಕೆ ಎಲ್ಲಾ ಕಿಟ್ ಹೊಂದುವುದಿಲ್ಲ. ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಒಮ್ಮೆ ಚೆಕ್ ಮಾಡಲಿ. ವೈರ್ 2.5 ಚದರ ಮಿಲಿಮೀಟರ್‌ಗಿಂತ ಸಣ್ಣದು ಬೇಡ. ಫ್ಯೂಸ್ ಬ್ಯಾಟರಿಗೆ ಹತ್ತಿರವೇ ಇರಬೇಕು. ಕಂಪನಿ ವೈರ್ ಕತ್ತರಿಸಲು ಬಿಡಬೇಡಿ, ಕಪ್ಲರ್‌ಗೆ ಕಪ್ಲರ್ ಸೇರಿಸುವ ಕಿಟ್ ಸಿಗುತ್ತದೆ.

ಈಗ ಎಲ್‌ಇಡಿ ಯಾಕೆ ಬೇಡ ಅಂತ ಹೇಳುತ್ತೇನೆ. ನಿಮ್ಮ ಗಾಡಿಯದು ಎಚ್4 ಬಲ್ಬ್, ಹೈ ಬೀಮ್ 60 ವ್ಯಾಟ್, ಲೋ ಬೀಮ್ 55. ಒಂದೇ ಬಲ್ಬಿನಲ್ಲಿ ಎರಡು ತಂತಿ. ಲೋ ಬೀಮ್ ತಂತಿಯ ಕೆಳಗೆ ಪುಟ್ಟ ದೋಣಿಯ ಹಾಗೆ ಒಂದು ತಗಡು ಇರುತ್ತದೆ, ಅಂಗಡಿಯಲ್ಲಿ ಬಲ್ಬ್ ಕೈಗೆ ಬಂದಾಗ ಗಮನಿಸಿ. ಆ ತಗಡು ಬೆಳಕು ರಿಫ್ಲೆಕ್ಟರಿನ ಕೆಳ ಅರ್ಧಕ್ಕೆ ಬೀಳದ ಹಾಗೆ ತಡೆಯುತ್ತದೆ. ಅದರಿಂದಲೇ ಎದುರಿನವರ ಕಣ್ಣಿಗೆ ಹೊಡೆಯದೆ ಬೆಳಕು ರಸ್ತೆ ಮೇಲೆ ಕೂರುವುದು. ಡೂಮ್ ಒಳಗಿನ ಒಂದೊಂದು ತಿರುವನ್ನೂ ಆ ತಂತಿ ಇರುವ ಜಾಗದ ಲೆಕ್ಕದಲ್ಲೇ ಮಾಡಿರುತ್ತಾರೆ. ಎಲ್‌ಇಡಿಯಲ್ಲಿ ಬೆಳಕು ಹೊರಡುವ ಜಾಗ, ದಪ್ಪ, ದಿಕ್ಕು ಎಲ್ಲವೂ ಬೇರೆ. ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ. ಬಾನೆಟ್ ಮುಂದೆ ಹತ್ತಿಪ್ಪತ್ತು ಅಡಿ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ, ಅಬ್ಬಾ ಎಷ್ಟು ಬೆಳಕು ಅನಿಸುತ್ತದೆ. ಆ ಹತ್ತಿರದ ಬೆಳಕಿಗೇ ಕಣ್ಣಿನ ಪಾಪೆ ಚಿಕ್ಕದಾಗಿ ದೂರದ್ದು ಇನ್ನೂ ಕಪ್ಪಾಗುತ್ತದೆ. ಎದುರಿಗೆ ಬೈಕಿನಲ್ಲಿ ಬರುವವನಿಗಂತೂ ಕಣ್ಣು ಕತ್ತಲೆ. ಬೇಲೂರು ದಾಟಿದ ಮೇಲೆ ತೋಟಗಳ ನಡುವಿನ ರಸ್ತೆ ಎಷ್ಟು ಕಿರಿದು ಅಂತ ನಿಮಗೇ ಗೊತ್ತಲ್ವಾ. ಕಣ್ಣು ಕಾಣದವನು ಅಲ್ಲಿ ನಿಮ್ಮ ಮೇಲೇ ಬರುತ್ತಾನೆ. ಇನ್ನು ಕಾನೂನು. ಕಂಪನಿ ಕೊಟ್ಟದ್ದನ್ನು ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕಿದೆ. ಹೊಸ ಗಾಡಿಗಳಲ್ಲಿ ಕಂಪನಿಯಿಂದಲೇ ಬರುವ ಎಲ್‌ಇಡಿ ಲೈಟ್ ಬೇರೆ ಮಾತು. ಅಲ್ಲಿ ಇಡೀ ಡೂಮನ್ನೇ ಅದಕ್ಕಾಗಿ ಮಾಡಿರುತ್ತಾರೆ.

100/90 ವ್ಯಾಟ್ ಬಲ್ಬೂ ಬೇಡ. ಎರಡು ಹೈ ಬೀಮ್ ಸೇರಿ 16 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತವೆ, ಹಳೆಯ ವೈರ್ ಅದನ್ನು ತಡೆಯುವುದಿಲ್ಲ. ಆ ಶಾಖಕ್ಕೆ ರಿಫ್ಲೆಕ್ಟರೂ ಸುಡುತ್ತದೆ. ಬಲ್ಬ್ ಬದಲಾಯಿಸಲೇಬೇಕು ಅಂದರೆ ಫಿಲಿಪ್ಸ್ ಅಥವಾ ಓಸ್ರಾಮ್‌ನ ಅದೇ 60/55ರಲ್ಲಿ ಜಾಸ್ತಿ ಬೆಳಕು ಕೊಡುವ ಬಲ್ಬ್ ಇವೆ, ಜೋಡಿಯಾಗಿಯೇ ಹಾಕಿಸಿ. ಬಾಳಿಕೆ ಸ್ವಲ್ಪ ಕಡಿಮೆ. ನೀಲಿ ಬಣ್ಣ ಬಳಿದವನ್ನು ಮುಟ್ಟಬೇಡಿ, ಆ ಬಣ್ಣವೇ ಬೆಳಕನ್ನು ನುಂಗುತ್ತದೆ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಹಿಡಿಯಬಾರದು, ಬೆರಳಿನ ಜಿಡ್ಡು ಕೂತ ಕಡೆ ಗಾಜು ಕಾದು ಬೇಗ ಹೋಗುತ್ತದೆ.

ಇಷ್ಟಾದ ಮೇಲೆ ಲೈಟ್ ಲೆವೆಲ್ ಮಾಡಿಸಿ. ಟೈರ್ ಗಾಳಿ ಸರಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ, ಲೈಟ್ ಏರಿಳಿಸುವ ಗುಂಡಿ ಸೊನ್ನೆಯಲ್ಲಿರಲಿ. ಸಮತಟ್ಟಾದ ಜಾಗದಲ್ಲಿ ಗೋಡೆಗೆ 5 ಮೀಟರ್ ದೂರ ನಿಲ್ಲಿಸಿ, ಬಲ್ಬಿನ ಎತ್ತರವನ್ನು ಗೋಡೆ ಮೇಲೆ ಗುರುತು ಮಾಡಿ. ಲೋ ಬೀಮಿನ ಬೆಳಕು ಮುಗಿಯುವ ಅಂಚು ಆ ಗುರುತಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಬೇಕು. ಎಡಗಡೆ ಅಂಚು ಸ್ವಲ್ಪ ಮೇಲಕ್ಕೆ ಏರುತ್ತದೆ. ಅದು ಹಾಗೇ ಇರಬೇಕು, ರಸ್ತೆ ಬದಿ ನಡೆಯುವವರು ಕಾಣುವುದು ಅದರಿಂದಲೇ. ತುಂಬಾ ಕೆಳಗಿಳಿದಿರುವ ಲೈಟನ್ನು ಎತ್ತಿ ಕೂರಿಸಿದರೆ ಸಾಕು, ಎಷ್ಟೋ ಜನ ಬಲ್ಬ್ ಮಾತೇ ಬಿಡುತ್ತಾರೆ. ಮುಂದಿನ ಗಾಜನ್ನು ಒಳಗಿನಿಂದಲೂ ಒರೆಸಿ. ಅಲ್ಲಿ ಕೂರುವ ಜಿಡ್ಡಿನ ಪೊರೆ ಹಗಲಲ್ಲಿ ಕಾಣುವುದಿಲ್ಲ, ರಾತ್ರಿ ಎದುರಿನ ಲೈಟಿಗೆ ಇಡೀ ಗಾಜು ಬೆಳ್ಳಗಾಗುತ್ತದೆ.

ನೀವು ಮೂಡಿಗೆರೆ ದಾಟಿ ಬಣಕಲ್, ಕೊಟ್ಟಿಗೆಹಾರದ ಕಡೆಗೂ ಹೋಗುವವರಾದರೆ ಮಂಜಿನ ಮಾತು ಬೇರೆ. ಅಲ್ಲಿಂದ ಚಾರ್ಮಾಡಿ ಇಳಿಯುವಾಗ ಮಳೆಗಾಲದಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ. ಮಂಜಿನ ಹನಿಗೆ ಬಡಿದ ಬೆಳಕು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಎಲ್‌ಇಡಿ ಮೇಲಕ್ಕೆ ಚೆಲ್ಲುವ ಬೆಳಕೂ ಇದನ್ನೇ ಮಾಡುತ್ತದೆ. ಲೋ ಬೀಮ್ ಸಾಕು, ಜೊತೆಗೆ ಬಂಪರ್‌ನಲ್ಲಿ ಕೆಳಗೆ ಕೂರುವ ಫಾಗ್ ಲ್ಯಾಂಪ್. ಅದರ ಬೆಳಕು ಅಗಲವಾಗಿ, ನೆಲಕ್ಕೆ ತಾಗಿ ಹರಡುವುದರಿಂದ ರಸ್ತೆಯ ಅಂಚು, ಬಿಳಿ ಪಟ್ಟಿ ಕಾಣುತ್ತದೆ. ಹಳದಿಯದಾದರೆ ಕಣ್ಣಿಗೆ ಹಿತ. ನಿಮ್ಮ ಮಾಡೆಲ್‌ಗೆ ಕಂಪನಿಯ ಫಾಗ್ ಲ್ಯಾಂಪ್ ಕಿಟ್ ಸಿಗುತ್ತದಾ ಅಂತ ಮೊದಲು ವಿಚಾರಿಸಿ. ಸಿಕ್ಕರೆ ಅದನ್ನೇ, ಅದರದೇ ರಿಲೇ, ಫ್ಯೂಸ್ ಸಮೇತ ಹಾಕಿಸಿ. ಮಂಜಿಲ್ಲದಾಗ ಆರಿಸಿಬಿಡಿ. ಸುಮ್ನೆ ಉರಿಸಿಕೊಂಡು ಓಡಾಡಿದರೆ ಎದುರಿನವರಿಗೆ ಹಿಂಸೆ.

ವೇಗದ ಬಗ್ಗೆಯೂ ಹೇಳಲೇಬೇಕು. ಒಳ್ಳೆಯ ಲೋ ಬೀಮಿನಲ್ಲೂ ಕಪ್ಪು ಬಟ್ಟೆ ತೊಟ್ಟವರು ನಿಚ್ಚಳವಾಗಿ ಕಾಣುವುದು ಸುಮಾರು 50 ಮೀಟರ್ ಒಳಗೆ ಮಾತ್ರ. ಒದ್ದೆ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ, ಕಂಡು ಬ್ರೇಕ್ ಒತ್ತಿ ಗಾಡಿ ನಿಲ್ಲುವಷ್ಟರಲ್ಲಿ ಆ 50 ಮೀಟರ್ ಮುಗಿದಿರುತ್ತದೆ. ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆ ತೋಟದಿಂದ ತೋಟಕ್ಕೆ ಆನೆ ದಾಟುತ್ತವೆ. ಆನೆ ಮೈ ಬೆಳಕನ್ನು ವಾಪಸ್ ಕೊಡುವುದಿಲ್ಲ, ಮರದ ನೆರಳಿನಲ್ಲಿ ನಿಂತರೆ ತೀರಾ ಹತ್ತಿರ ಹೋಗುವವರೆಗೆ ಗೊತ್ತೇ ಆಗುವುದಿಲ್ಲ. ತೋಟದ ರಸ್ತೆಯಲ್ಲಿ 40ರ ಮೇಲೆ ಹೋಗಬೇಡಿ. ಎದುರಿಗೆ ಯಾರೂ ಇಲ್ಲದಾಗ ಹೈ ಬೀಮ್ ಧಾರಾಳವಾಗಿ ಬಳಸಿ, ಗಾಡಿ ಕಂಡ ಕೂಡಲೇ ಡಿಮ್ ಮಾಡಿ.

ಮಲ್ಟಿಮೀಟರ್‌ನಲ್ಲಿ ಬಂದ ಎರಡೂ ಅಂಕಿ ಇಲ್ಲಿ ಬರೆಯಿರಿ. ರಿಲೇ ಬೇಕಾ, ಅರ್ತ್ ಸರಿ ಮಾಡಿಸಿದರೆ ಸಾಕಾ ಅಂತ ನೋಡಿ ಹೇಳುತ್ತೇನೆ.