ಅಣ್ಣನಿಗಿರುವ ಹಕ್ಕು ತಂಗಿಗೂ ಇದೆ

ಪ್ರಶ್ನೆ: ನನಗೆ 7 ವರ್ಷದ ಮಗ, 5 ವರ್ಷದ ಮಗಳು. ಸೈಕಲ್ಲಿಗಾಗಿ ದಿನಾ ಜಗಳ. ಮೊನ್ನೆ ಅವನು ತಂಗಿಯನ್ನು ತಳ್ಳಿ ಬೀಳಿಸಿದ. ಸಿಟ್ಟು ಬಂದು ಬೆನ್ನಿಗೆ ಎರಡು ಬಾರಿಸಿದೆ. 'ಮಕ್ಕಳಿಗೆ ಹೊಡೆಯಬಾರದು, ಅದು ನಮ್ಮ ಹಕ್ಕು ಅಂತ ಮಿಸ್ ಹೇಳಿದಾರೆ' ಎಂದ. 'ಈಗಲೇ ಹಕ್ಕು ಅಂತ ಕಲಿಸಿದ್ರೆ ತಲೆ ಮೇಲೆ ಕೂರ್ತಾರೆ' ಅನ್ನುವುದು ಅತ್ತೆಯ ಮಾತು. ನನಗೂ ಗೊಂದಲ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಮಗ ಎದುರುತ್ತರ ಕೊಟ್ಟನೆಂದು ಬೇಸರ ಮಾಡಿಕೊಳ್ಳಬೇಡಿ ತಾಯಿ. ಅವನು ಹೇಳಿದ್ದು ನಿಜ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಬಂದದ್ದು 1989ರಲ್ಲಿ. ಭಾರತ ಅದನ್ನು ಒಪ್ಪಿಕೊಂಡಿದ್ದು 1992ರಲ್ಲಿ. ಮಕ್ಕಳನ್ನು ಹಿಂಸೆಯಿಂದ ಕಾಪಾಡಬೇಕು ಎನ್ನುತ್ತದೆ ಅದರ 19ನೇ ವಿಧಿ, ಅದೂ ಅಪ್ಪ ಅಮ್ಮನ ಮನೆಯಲ್ಲಿ ಕೂಡ. ಶಾಲೆಯಲ್ಲಂತೂ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ.

ಆದರೆ ಅವನಿಗೆ ಅರ್ಧ ಪಾಠ ಮಾತ್ರ ತಲುಪಿದೆ. ತನಗೆ ಯಾರೂ ಹೊಡೆಯಬಾರದು ಎಂದು ಗೊತ್ತಾಯಿತು. ತಂಗಿಗೂ ಅದೇ ಹಕ್ಕಿದೆ, ಅವಳನ್ನು ತಳ್ಳಿದ್ದೂ ಅದೇ ತಪ್ಪು ಎಂದು ಇನ್ನೂ ಹೊಳೆದಿಲ್ಲ. ಅತ್ತೆಯವರ ಭಯಕ್ಕೂ ಇದೇ ಕಾರಣ ಇರಬೇಕು. 'ನನ್ನ ಹಕ್ಕು' ಅಂತಷ್ಟೇ ಕಲಿತ ಮಗು ಹಟ ಕಲಿಯುತ್ತದೆ. ಹಾಗಾಗಿ ಉಳಿದರ್ಧ ನೀವು ಕಲಿಸಿ.

ಕೂರಿಸಿಕೊಂಡು ಉಪದೇಶ ಮಾಡಿದರೆ ಈ ವಯಸ್ಸಿನವರ ತಲೆಗೆ ಹೋಗುವುದಿಲ್ಲ. ಕಲಿಸುವುದಕ್ಕೆ ಜಗಳದ ಹೊತ್ತೇ ಸರಿ. ಕಿತ್ತಾಟ ಶುರುವಾದರೆ ಇಬ್ಬರನ್ನೂ ಬಿಡಿಸಿ, ಸೈಕಲ್ ನೀವೇ ಹಿಡಿದುಕೊಳ್ಳಿ. 'ಯಾರು ಮೊದಲು ಶುರು ಮಾಡಿದ್ದು?' ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ಕೇಳಿದ ಕೂಡಲೇ ಇಬ್ಬರೂ ತಪ್ಪು ಜಾರಿಸುವುದಕ್ಕೆ ನಿಲ್ಲುತ್ತಾರೆ. ಅಳು ನಿಂತ ಮೇಲೆ ಚಿಕ್ಕವಳು ಮೊದಲು ಹೇಳಲಿ. ಅಣ್ಣ ನಡುವೆ ಬಾಯಿ ಹಾಕುವಂತಿಲ್ಲ. ಆಮೇಲೆ 'ತಂಗಿ ಏನಂದಳು, ಹೇಳು ನೋಡೋಣ' ಎಂದು ಅವನ ಬಾಯಿಂದಲೇ ಹೇಳಿಸಿ. ಹಾಗೆ ಹೇಳುವಾಗ ಅವಳ ನೋವು ಅವನಿಗೆ ಸ್ವಲ್ಪವಾದರೂ ತಟ್ಟುತ್ತದೆ. ನಂತರ ಅವನ ಸರದಿ. ಮಕ್ಕಳ ವಿಷಯದಲ್ಲಿ ಮಕ್ಕಳ ಅಭಿಪ್ರಾಯಕ್ಕೂ ಬೆಲೆ ಕೊಡಿ ಎನ್ನುವ ಆ ಒಡಂಬಡಿಕೆಯ 12ನೇ ವಿಧಿ ಮನೆಯಲ್ಲಿ ನಡೆಯುವುದು ಹೀಗೆ.

ಕೊನೆಗೆ 'ಈಗ ಏನು ಮಾಡೋಣ?' ಅಂತ ಅವರನ್ನೇ ಕೇಳಿ. ಗೇಟಿನವರೆಗೆ ಒಬ್ಬೊಬ್ಬರದು ಒಂದು ಸುತ್ತು ಅಂತಾರೋ, ಇವತ್ತು ನಾನು ನಾಳೆ ನೀನು ಅಂತಾರೋ, ಅವರಿಷ್ಟ. ಅಣ್ಣ ಗದರಿಸಿ ಒಪ್ಪಿಸಿದನಾ ಅಂತ ಮಾತ್ರ ಗಮನಿಸಿ. ಚಿಕ್ಕವರು ಹೆದರಿಯೂ 'ಹೂಂ' ಅಂದುಬಿಡುತ್ತಾರೆ.

ಇದೆಲ್ಲ ನಡೆಯಬೇಕಾದರೆ ನಿಮ್ಮ ಕೈ ಮೊದಲು ನಿಲ್ಲಬೇಕು. ತಳ್ಳಬೇಡ ಎಂದು ಹೇಳುವುದಕ್ಕೆ ಹೊಡೆದರೆ ಮಗು ಕಲಿಯುವುದು ಹೊಡೆಯುವುದನ್ನೇ ಅಲ್ವಾ? ಮೊನ್ನೆ ಹೊಡೆದದ್ದಕ್ಕೆ ಮಗನ ಹತ್ತಿರ 'ತಪ್ಪಾಯಿತು' ಅನ್ನಿ. ತಂಗಿಯನ್ನು ತಳ್ಳಿದ್ದೂ ತಪ್ಪೇ ಎಂದು ಜೊತೆಗೇ ಹೇಳಿ. ಅತ್ತೆಯವರ ಜೊತೆ ವಾದ ಬೇಡ. ಮುಂದಿನ ಸಲ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊಮ್ಮಕ್ಕಳ ಮಾತು ಅವರೂ ಕೇಳಲಿ, ಸರದಿ ತಪ್ಪದಂತೆ ನೋಡಿಕೊಳ್ಳುವ ಕೆಲಸ ಅವರಿಗೇ ಇರಲಿ.