ಮಾಡಿನ ನೀರಿಗೆ ಕೊಳೆತ ಆಡುಸೋಗೆ

ಪ್ರಶ್ನೆ: ತವರಿನ ಬೇಲಿಯಿಂದ ಆಡುಸೋಗೆಯ ಗೆಲ್ಲು ತಂದು ಎರಡು ವರ್ಷ ನೆಟ್ಟೆ, ಎರಡೂ ಸಲ ಜೂನ್‌ನಲ್ಲಿ. ಎರಡು ಎಲೆ ಚಿಗುರುತ್ತದೆ, ಆಮೇಲೆ ಬುಡ ಕಪ್ಪಾಗಿ ಕೊಳೆಯುತ್ತದೆ. ಕುಂಡ ಇಟ್ಟದ್ದು ಅಂಗಳದಲ್ಲಿ, ಮಾಡಿನ ಅಂಚಿನ ಕೆಳಗೆ. 5 ವರ್ಷದ ಮಗನಿಗೆ ಆಗಾಗ ಕೆಮ್ಮು, ಕಷಾಯಕ್ಕೆ ಬೇಕಿತ್ತು.
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಮಾಡಿನ ಅಂಚಿನ ಕೆಳಗೆ ಅಂತ ನೀವೇ ಬರೆದಿದ್ದೀರಲ್ಲ ಮಾರಾಯ್ರೆ! ನಮ್ಮ ಉಡುಪಿ ಕಡೆಯ ಮಳೆಗೆ ಅಲ್ಲಿ ಧಾರೆಯಾಗಿ ನೀರು ಬೀಳುತ್ತದೆ, ಕುಂಡದ ಮಣ್ಣು ಕೆಸರಾಗಿ ತೂತು ಮುಚ್ಚಿಕೊಳ್ಳುತ್ತದೆ. ಚಿಗುರಿದ್ದು ಗೆಲ್ಲಿನೊಳಗೆ ಉಳಿದಿದ್ದ ಸತ್ವದಿಂದ ಅಷ್ಟೇ, ಬೇರು ಬಂದೇ ಇರಲಿಲ್ಲ.

ಈ ಸಲ ಚೌತಿ ಕಳೆದು ಮಳೆ ತೆಳುವಾದ ಮೇಲೆ ನೆಡಿ. ಒಂದಲ್ಲ, ಐದಾರು ಗೆಲ್ಲು ತನ್ನಿ. ಎಳೆ ತುದಿ ಬೇಡ, ತೀರಾ ಬಲಿತದ್ದೂ ಬೇಡ, ಪೆನ್ಸಿಲ್ ದಪ್ಪದ್ದು ಸಾಕು. 4 ಗಂಟು ಇರುವಂತೆ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಮೇಲಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, 2 ಗಂಟು ಮಣ್ಣೊಳಗೆ ಹೋಗುವ ಹಾಗೆ ಊರಿ. ಹೊಯಿಗೆ (ಮರಳು) ಬೆರೆಸಿದ ಮಣ್ಣಿರಲಿ, ಒಂದು ತಿಂಗಳು ನೆರಳಿರಲಿ. ಬೇರು ಬಂತಾ ಅಂತ ದಿನಾ ಎಳೆದು ನೋಡಬೇಡಿ, ಅದೊಂದು ಕೆಟ್ಟ ಚಟ.

ಆಮೇಲೆ ಕುಂಡದಿಂದ ತೆಗೆದು ನೆಲಕ್ಕೇ ಹಾಕಿ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲವಾದರೂ ಚಿಂತೆಯಿಲ್ಲ, ನೀರು ನಿಲ್ಲಬಾರದು ಅಷ್ಟೆ. ಹೊಂಡಕ್ಕೆ ಸುಡುಮಣ್ಣು, ಹಳೆಯ ಹಟ್ಟಿಗೊಬ್ಬರ ಹಾಕಿ. ಮೊದಲ ಬೇಸಿಗೆಯಲ್ಲಿ ನೀರು ಬೇಕು, ಮತ್ತೆ ಅದರ ಪಾಡಿಗೆ ವರ್ಷವಿಡೀ ಹಸಿರಾಗಿ ಆಳೆತ್ತರಕ್ಕೆ ಬೆಳೆಯುತ್ತದೆ. ಕಡಿದಷ್ಟೂ ಪೊದೆಯಾಗುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಇದೆಯಲ್ವಾ, ಇದರ ಕಹಿಗೆ ಆಡೂ ಹಿಂಜರಿಯುತ್ತದೆ, ದನವೂ ಸುಮ್ನೆ ಮೂಸಿ ಹೋಗುತ್ತದೆ. ನಿಮ್ಮ ತವರಿನವರು ಬೇಲಿಗೆ ನೆಟ್ಟದ್ದು ಸುಮ್ಮನೆ ಅಲ್ಲ.

ಇನ್ನು ಕಷಾಯದ ಮಾತು. ಎಲೆಯಲ್ಲಿ ವ್ಯಾಸಿಸಿನ್ ಎಂಬ ಅಂಶ ಇದೆ. ಕೆಮ್ಮಿನ ಸಿರಪ್‌ಗಳಲ್ಲಿರುವ ಬ್ರೋಮ್‌ಹೆಕ್ಸಿನ್ ತಯಾರಾದದ್ದು ಅದರ ಜಾಡು ಹಿಡಿದೇ. ಅಂದರೆ ಇದು ನಿಜವಾದ ಮದ್ದು, ಹಾಗಾಗಿಯೇ ಒಂದು ಹಿಡಿ, ಎರಡು ಹಿಡಿ ಅಂತ ಅಂದಾಜಿಗೆ ಕುದಿಸಿ ಸಣ್ಣ ಮಗುವಿಗೆ ಕುಡಿಸಬೇಡಿ. ವೈದ್ಯರನ್ನು ಕೇಳಿ ಅಳತೆ ತಿಳಿದುಕೊಳ್ಳಿ. ಬಸುರಿಯರಿಗಂತೂ ಕೊಡಲೇಬಾರದು, ಗರ್ಭಕೋಶ ಹಿಂಡುವ ಗುಣ ಇದಕ್ಕಿದೆ. ಮಗನ ಕೆಮ್ಮು 2 ವಾರ ದಾಟಿದರೆ ಗಿಡ ಬೆಳೆಯಲಿ ಅಂತ ಕಾಯಬೇಡಿ, ಡಾಕ್ಟರಿಗೆ ತೋರಿಸಿ.